ಖಲೀಲ್ ಸಾಬರ ಗುಂಡಿ ಡಬ್ಬಿ

ಖಲೀಲ್ ಸಾಬರು ಯಾವ ರಸಮಂಜರಿಗೆ ಹೋದರೂ ಮೊದಲನೆಯ ಹಾಡನ್ನು ವೇದಿಕೆಗೆ ಬೆನ್ನು ಹಾಕಿ ಕೇಳುತ್ತಿದ್ದರು. ಅತ್ತ ಗಾಯಕ ಬಂದು ಕೈಬೀಸುತ್ತಿದ್ದಾನೆ, ಬಣ್ಣದ ದೀಪಗಳು ಹತ್ತುತ್ತಿವೆ, ಇಡೀ ಮೈದಾನ ಮೊಬೈಲು ಎತ್ತಿ ಹಿಡಿದು ಕಿರುಚುತ್ತಿದೆ. ಇವರೊಬ್ಬರು ಮಾತ್ರ ಕೈಕಟ್ಟಿಕೊಂಡು, ಬಿಳಿ ಟೋಪಿಯ ಕೆಳಗೆ ಹುಬ್ಬು ಗಂಟಿಕ್ಕಿ, ಜನರ ಕಡೆ ತಿರುಗಿ ನಿಂತಿರುತ್ತಿದ್ದರು. "ಸಾಬ್ರೇ, ಸ್ಟೇಜು ಆ ಕಡೆ!" ಎಂದು ಹುಡುಗರು ನಗುತ್ತಿದ್ದರು. ಇವರು ನಗುತ್ತಿರಲಿಲ್ಲ. ಹಾಡು ಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು: "ಪರ್ವಾಗಿಲ್ಲ, ಉಸ್ರಾಡ್ತದೆ." ಇಲ್ಲವೇ, "ಒಳಗೆ ಬಟ್ಟೆ ಬುಟ್ಟಿಲ್ಲ ಕಣ್ರೀ ಇಲ್ಲಿ."

ಅವರದು ಟೈಲರ್ ಕೆಲಸ. ಚಾಮರಾಜನಗರದ ಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಒಬ್ಬರು ಹೊರಬಂದರೆ ಮಾತ್ರ ಇನ್ನೊಬ್ಬರು ಒಳಹೋಗಬಹುದಾದಂಥ ಅಂಗಡಿ. ಬೆಳೆಯುವ ಮಕ್ಕಳ ಶರ್ಟಿಗೆ ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಮಡಿಸಿ ಬಿಡುತ್ತಿದ್ದರು, ಮುಂದಿನ ವರ್ಷ ಬಿಚ್ಚಿ ಅಗಲ ಮಾಡಲಿಕ್ಕೆ. ಆ ಎರಡು ಬೆರಳು ಇಲ್ಲದ ಬಟ್ಟೆಯನ್ನೂ ಮೈದಾನವನ್ನೂ ಅವರು ನಂಬುತ್ತಿರಲಿಲ್ಲ. "ಮೈ ಉಬ್ಬಿದ್ರೆ ಹೊಲಿಗೆ ಬುಡ್ತದೆ. ಜನ ಉಬ್ಬಿದ್ರೆ ಏನ್ ಬುಡ್ತದೆ, ಹೇಳಿ ಏಜೆಂಟ್ರೆ?" ಎನ್ನುತ್ತಿದ್ದರು.

ಏಜೆಂಟ್ರು ಅಂದರೆ ನಾನು. ವಿಮೆ ಮಾಡಿಸುವವನು. ಜನರನ್ನು ನಯವಾಗಿ ಹೆದರಿಸುವುದು ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷ ಹೆದರಿಸಿ ಹೆದರಿಸಿ ನನ್ನ ಮಾತಿಗೆ ಪೂರ್ತಿ ಬಲಿಬಿದ್ದ ಗಿರಾಕಿ ನಾನೊಬ್ಬನೇ. ಮದುವೆಯ ಊಟಕ್ಕೆ ಕೂರುವ ಮೊದಲು ಶಾಮಿಯಾನದ ಕಂಬ ಅಲ್ಲಾಡಿಸಿ ನೋಡುತ್ತೇನೆ. ಜೇಬಿನಲ್ಲಿ ರಕ್ತದ ಗುಂಪು ಬರೆದ ಚೀಟಿ ಇರುತ್ತದೆ. "ನಿಮ್ಮನ್ನ ಸ್ವರ್ಗಕ್ಕೆ ಕರ್ಕೊಂಡೋದ್ರೂ ಮೊದ್ಲು ಆಚೆ ಬರೋ ಬಾಗ್ಲು ಎಲ್ಲದೆ ಅಂತೀರ" ಎನ್ನುತ್ತಾಳೆ ನನ್ನ ಹೆಂಡತಿ. ಇಂಥವನಿಗೆ ಹಾಡಿನ ಹುಚ್ಚು ಯಾಕೆ ಹತ್ತಿತೋ. ರೇಡಿಯೋದಲ್ಲಿ ನೂರು ಸಲ ಕೇಳಿದ ಹಾಡು ಎದುರಿಗೆ ಶುರುವಾಗಿ, ಡ್ರಮ್ಮಿನ ಏಟು ಎದೆಯ ಮೂಳೆಗೆ ಬಡಿಯುವಾಗ, ಎರಡು ನಿಮಿಷ ನನಗೆ ಭಯ ಮರೆತುಹೋಗುತ್ತದೆ. ಆ ಎರಡು ನಿಮಿಷಕ್ಕಾಗಿ ಉಳಿದ ಮೂರು ಗಂಟೆ ಬೆವರುತ್ತಿದ್ದೆ.

ನಮ್ಮ ಜೊತೆಗೆ ಮೂರನೆಯವನು ಗುಂಡ್ಲುಪೇಟೆಯ ಬಾಳೆಕಾಯಿ ವ್ಯಾಪಾರಿ ಸಿದ್ದರಾಜು. ಭುಜ ಕೊಟ್ಟು ನುಗ್ಗಿ ವೇದಿಕೆಯ ಬುಡಕ್ಕೇ ಹೋಗಿ ನಿಲ್ಲುವ ಜಾತಿ.

ಕಾರ್ಯಕ್ರಮ ಮುಗಿದ ಮೊದಲ ಸೋಮವಾರ ಸಂಜೆ ಸಾಬರ ಅಂಗಡಿಯಲ್ಲಿ ನಾವು ಸೇರಲೇಬೇಕು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರು ಸೀಮೆಸುಣ್ಣದಲ್ಲಿ ಮೈದಾನ ಬರೆಯುತ್ತಿದ್ದರು: ವೇದಿಕೆ, ಬ್ಯಾರಿಕೇಡು, ಗೇಟು. ಆಮೇಲೆ ತಗಡಿನ ಬಿಸ್ಕತ್ ಡಬ್ಬಿ ತೆಗೆದು ಒಬ್ಬೊಬ್ಬರಿಗೆ ಅವರವರ ಗುಂಡಿ ಕೊಡುತ್ತಿದ್ದರು. ಸಾಬರದು ಕಪ್ಪು ಗುಂಡಿ. ಸಿದ್ದರಾಜುವಿನದು ಜೀನ್ಸ್ ಪ್ಯಾಂಟಿನ ಮಿರಿಮಿರಿ ಗುಂಡಿ. ನನ್ನದು ಕಂದು ಬಣ್ಣದ ಕೋಟಿನ ಗುಂಡಿ. "ನಾಕು ತೂತದೆ ಏಜೆಂಟ್ರೆ. ಒಂದ್ರಲ್ಲಿ ಆಗ್ದಿದ್ರೆ ಇನ್ನೊಂದ್ರಲ್ಲಿ ಓಡೋಗ್ಬೋದು" ಎಂದು ಆರಿಸಿ ಕೊಟ್ಟಿದ್ದರು. ಯಾರು ಎಲ್ಲಿ ನಿಂತು ಹಾಡು ಕೇಳಿದೆವೋ ಅಲ್ಲಿ ಗುಂಡಿ ಇಡಬೇಕು. ಎಡಕ್ಕೆ ಯಾರಿದ್ದರು, ಬಲಕ್ಕೆ ಏನಿತ್ತು, ಹೇಳಬೇಕು. ಹಾಡಿನ ವರ್ಣನೆ ಆಮೇಲೆ.

"ಸಾಬ್ರೇ, ಆಯಪ್ಪ ಪಲ್ಲವಿ ಆಡ್ತಾ ನನ್ನೇ ನೋಡ್ದ ಕಣ್ರೀ! ಕಣ್ಣಲ್ಲಿ ಕಣ್ಣಿಟ್ಟು!" ಎಂದು ಸಿದ್ದರಾಜು ಕುಣಿದ ದಿನವೂ ಅಷ್ಟೆ.

"ನೋಡ್ದ, ಸರಿ ಕಣ್ಲಾ. ನಿನ್ ಎಡಕ್ಕೆ ಯಾರಿದ್ರು?"

"ಅದ್ಯಾರ್ಗ್ ಗೊತ್ತು? ನಾನ್ ಆಡ್ ಕೇಳಕ್ ಓಗಿದ್ನೋ, ಜನಗಣತಿ ಮಾಡಕ್ ಓಗಿದ್ನೋ?"

ಸಾಬರು ಗುಂಡಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. "ಅಂಗಾದ್ರೆ ನೀನು ಓಗೇ ಇಲ್ಲ ಬುಡು."

ಈ ಪದ್ಧತಿಯ ಮೂಲವನ್ನು ಅವರು ಒಂದೇ ಒಂದು ಸಲ ಹೇಳಿದ್ದು. ಸೂಜಿಗೆ ದಾರ ಪೋಣಿಸುತ್ತಾ, ನಮ್ಮ ಮುಖ ನೋಡದೆ. ಅವರ ತಮ್ಮನಿಗೆ ಹದಿನೇಳು ವರ್ಷ ಇದ್ದಾಗ ಅಣ್ಣತಮ್ಮಂದಿರು ಪುಣಜನೂರಿನ ಆಚೆ, ತಮಿಳುನಾಡಿನ ಒಂದು ಊರಿಗೆ ಆರ್ಕೆಸ್ಟ್ರಾ ಕೇಳಲು ಹೋಗಿದ್ದರು. ಗಾಳಿಗೆ ಚಪ್ಪರ ಕುಸಿಯಿತು. ಜನ ದಿಕ್ಕಾಪಾಲಾದರು. "ಐವತ್ ಜನನ್ನ ಕೇಳ್ದೆ. ಎಲ್ಲಾರ್ಗೂ ಆಗ ಯಾವ್ ಹಾಡು ಬತ್ತಿತ್ತು ಅಂತ ಗ್ಯಾಪ್ಕ ಇತ್ತು. ನನ್ ತಮ್ಮ ಎಲ್ ನಿಂತಿದ್ದ ಅಂತ ಒಬ್ಬನ್ಗೂ ಗ್ಯಾಪ್ಕ ಇರ್ನಿಲ್ಲ. ನಂಗೂ ಇರ್ನಿಲ್ಲ." ದಾರವನ್ನು ಹಲ್ಲಿನಲ್ಲಿ ಕಡಿದು, "ಮಾರ್ನೆ ದಿನ ಸಿಕ್ದ" ಎಂದರು. ಹೇಗೆ ಸಿಕ್ಕ ಎಂದು ನಾವು ಕೇಳಲಿಲ್ಲ.

ಅದನ್ನು ಹೇಳಿದ ದಿನದಿಂದ ಹೋಗುವ ಮೊದಲೂ ಗುಂಡಿ ಇಡುವ ನಿಯಮ ಬಂತು. ಎಲ್ಲಿ ನಿಲ್ಲುತ್ತೇವೆ ಎಂದು ಮೊದಲೇ ತೋರಿಸಬೇಕು. ಜಾಗ ಬದಲಿಸಿದರೆ ಒಬ್ಬರಿಗಾದರೂ ಹೇಳಬೇಕು. ಅಷ್ಟು ಜನ ಸೇರಿದ ಕಡೆ ಫೋನು ಹತ್ತುವುದಿಲ್ಲ, ಬಾಯಿಂದಲೇ ಹೇಳಬೇಕು.

ಒಮ್ಮೆ ಉಡಿಗಾಲದ ಹತ್ತಿರದ ಒಂದು ಬಯಲಿನ ಕಾರ್ಯಕ್ರಮದಲ್ಲಿ ಮೊದಲ ಹಾಡು ಮುಗಿದದ್ದೇ, "ನಡೀರಿ, ಓಗನ" ಎಂದರು. ಟಿಕೆಟ್ಟಿಗೆ ಒಂದೇ ಹಾಡು ಕೇಳಿ ಎದ್ದು ಬಂದೆವು. ರಸ್ತೆಯ ಮೋರಿಕಟ್ಟೆಯ ಮೇಲೆ ಕೂತು ಉಳಿದ ಹಾಡುಗಳನ್ನು ಗಾಳಿಯಲ್ಲಿ ಕೇಳಿದೆವು. ಅಲ್ಲಿ ಏನೂ ಆಗಲಿಲ್ಲ. ಸಿದ್ದರಾಜು ಆರು ತಿಂಗಳು ಅದನ್ನೇ ಹಿಡಿದು ಆಡಿಕೊಂಡ. "ಏನಾಯ್ತು ಸಾಬ್ರೇ? ಏನೂ ಆಗ್ನಿಲ್ವಲ್ಲ!"

"ಅದೇ ಕಣ್ಲಾ ನಂಗೆ ಬೇಕಾಗಿದ್ದು. ಏನೂ ಆಗ್ನಿಲ್ಲ" ಎಂದರು ಸಾಬರು.

ನನಗೆ ಒಳಗೊಳಗೇ ಖುಷಿ. ನನಗಿಂತ ದೊಡ್ಡ ಪುಕ್ಕಲ ಒಬ್ಬರು ಸಿಕ್ಕರಲ್ಲ ಎಂದುಕೊಂಡಿದ್ದೆ. ನಮ್ಮಿಬ್ಬರ ಭಯವೂ ಒಂದೇ ಥಾನಿನ ಬಟ್ಟೆ ಎಂದೇ ಆಗ ನನ್ನ ನಂಬಿಕೆ.

ಗುಂಡ್ಲುಪೇಟೆಗೆ ಒಬ್ಬ ದೊಡ್ಡ ಗಾಯಕ ಬರುತ್ತಾನೆ ಎಂದಾಗ ಕೇರಳದ ಕಡೆಯಿಂದಲೂ ಜೀಪು, ಬೈಕುಗಳಲ್ಲಿ ಜನ ಬಂದರು. ಊರಾಚೆ ಸೈಟು ಮಾಡಲು ಸಮಮಾಡಿದ್ದ ಜಾಗ. ಪುಕ್ಕಟೆ ನೋಡುವವರಿಗೆ ಕಾಣಬಾರದೆಂದು ಸುತ್ತ ಆಳೆತ್ತರದ ತಗಡು ಹೊಡೆದಿದ್ದರು. ಗೇಟು ಒಂದೇ.

ಹಿಂದಿನ ದಿನ ಅಂಗಡಿಯಲ್ಲಿ ಗುಂಡಿ ಇಡುವಾಗ ಸಿದ್ದರಾಜು, "ಏಜೆಂಟ್ರು ಗುಂಡಿನ ಗೇಟ್ ಹತ್ರ ಇಡಿ ಸಾಬ್ರೇ. ಮೂರ್ನೆ ಆಡ್ಗೆ ಅಲ್ಲಿರ್ತಾರೆ" ಎಂದ. ನನಗೆ ರೇಗಿತು. ಕಂದು ಗುಂಡಿಯನ್ನು ಬಲಗಡೆಯ ಬ್ಯಾರಿಕೇಡಿಗೆ ಒತ್ತಿ ಇಟ್ಟೆ. "ಕೊನೆ ಹಾಡಿನವರೆಗೂ ಇಲ್ಲಿಂದ ಅಲ್ಲಾಡಿದ್ರೆ ಕೇಳಿ!" ಸಾಬರು ನನ್ನನ್ನೇ ನೋಡಿದರು. "ಅಲ್ಲಾಡಿ ಏಜೆಂಟ್ರೆ, ಬ್ಯಾಡ ಅನ್ನಕಿಲ್ಲ. ಒಂದ್ ಮಾತ್ ಹೇಳ್ಬುಟ್ಟು ಅಲ್ಲಾಡಿ."

ಐದಕ್ಕೆ ಬರಬೇಕಾದ ಗಾಯಕ ಬಂದದ್ದು ಏಳೂವರೆ ದಾಟಿದ ಮೇಲೆ. ಮೊದಲ ಹಾಡಿಗೆ ಸಾಬರು ಎಂದಿನಂತೆ ಬೆನ್ನು ಹಾಕಿ ನಿಂತರು. ಈ ಸಲ ಹಾಡು ಮುಗಿದರೂ ತಿರುಗಲಿಲ್ಲ. "ಕೇರಳದೋರು ಒಂಬತ್ಗೆ ಮುಂಚೆ ಮದ್ದೂರು ಚೆಕ್‌ಪೋಸ್ಟ್ ದಾಟ್ಬೇಕು. ಆಮೇಲೆ ಕಾಡ್ ರಸ್ತೆ ಮುಚ್ಬುಡ್ತಾರೆ. ಎಂಟಕ್ಕೆ ಅವ್ರೆಲ್ಲ ಒಟ್ಗೇ ಏಳ್ತಾರೆ. ನೋಡಿ, ಆಚೆಯಿಂದ ಇನ್ನೂ ಜನನ್ನ ಒಳಗ್ ಬುಡ್ತಾವ್ರೆ. ಒಂದೇ ಬಾಗ್ಲು." ಅವರ ದನಿ ತಣ್ಣಗಿತ್ತು. "ಸಿದ್ದರಾಜುನ್ ಎಳ್ಕೊಂಬತ್ತೀನಿ. ನೀವು ಇಲ್ಲೇ ಇರಿ. ನಿಮ್ ಜಾಗ ನಂಗೊತ್ತು."

ಅವರು ಹೋದರು. ನಾನು ವೇದಿಕೆ ಬಿಟ್ಟು ಗೇಟನ್ನೇ ನೋಡತೊಡಗಿದೆ. ಎರಡನೆಯ ಹಾಡಿನ ನಡುವೆ ತಗಡಿನ ಪಕ್ಕದಲ್ಲೇ ಸರಿದು, ಗೇಟು ದಾಟಿ ಆಚೆ ಬಂದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಸಿದ್ದರಾಜು ಸಾಯುವತನಕ ಬಿಡುತ್ತಿರಲಿಲ್ಲ. ಸ್ವಲ್ಪ ಉಸಿರು ತೆಗೆದುಕೊಂಡು ಸದ್ದಿಲ್ಲದೆ ವಾಪಸು ಹೋಗಿ ನಿಂತರಾಯಿತು, ಯಾರಿಗೆ ತಿಳಿಯಬೇಕು ಎಂದು ಲೆಕ್ಕ ಹಾಕಿದ್ದೆ. ಗೇಟಿನೆದುರು ಒಂದು ಚಹದ ಗಾಡಿ ಇತ್ತು. ಒಂದು ಲೋಟ ಚಹ ತೆಗೆದುಕೊಂಡೆ. ಒಳಗೆ ನನಗೆ ಬಲು ಇಷ್ಟದ ಹಾಡು ಶುರುವಾಯಿತು. ಆಗಲೇ ತಗಡುಗಳು ನಡುಗತೊಡಗಿದ್ದು. ಡ್ರಮ್ಮಿನ ಸದ್ದಿಗೆ ಎಂದುಕೊಂಡೆ. ಹಾಡು ನಿಂತಿತು. ತಗಡಿನ ಸದ್ದು ನಿಲ್ಲಲಿಲ್ಲ. ಬಿಸಿ ಚಹ ಶರ್ಟಿನ ತೋಳಿನ ಮೇಲೆ ಚೆಲ್ಲಿತು.

ಉಳಿದದ್ದನ್ನು ಸಿದ್ದರಾಜು ಆಮೇಲೆ ಹೇಳಿದ. ಸಾಬರು ಅವನ ಕಾಲರು ಹಿಡಿದು ನೂಕುನುಗ್ಗಲು ಹೆಚ್ಚುವ ಮೊದಲೇ ಗೇಟಿನಾಚೆ ತಂದು ನಿಲ್ಲಿಸಿದ್ದರು. ಇಬ್ಬರೂ ಕ್ಷೇಮ. "ಏಜೆಂಟ್ರು ಅಲ್ಲೇ ಬ್ಯಾರಿಕೇಡ್ ತಾವ್ ಅವ್ರೆ ಕಣ್ಲಾ. ಅಲ್ಲಾಡಕಿಲ್ಲ ಅಂದವ್ರೆ" ಎಂದು ಸಾಬರು ಮತ್ತೆ ಒಳಗೆ ಹೋದರಂತೆ.

ಜನರ ಜೀವಕ್ಕೆ ಅಪಾಯವಾಗಲಿಲ್ಲ, ದೇವರು ದೊಡ್ಡವನು ಎಂದು ಊರೆಲ್ಲ ಹೇಳಿತು. ಕೈಕಾಲು ಮುರಿದವರು ಕೆಲವರು. ಖಲೀಲ್ ಸಾಬರನ್ನು ಬಲಗಡೆಯ ಬ್ಯಾರಿಕೇಡಿನ ಕಂಬಿಗಳಿಂದ ಬಿಡಿಸಿ ತೆಗೆದರು. ಮೂರು ಪಕ್ಕೆಲುಬು ಮುರಿದಿದ್ದವು.

ಒಂದು ತಿಂಗಳ ನಂತರ, ಒಂದು ಸೋಮವಾರ, ಅವರ ಮನೆಗೆ ಕರೆಸಿದರು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪ್ರತಿ ನಾಲ್ಕು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು. ಮೇಜಿಲ್ಲದ್ದರಿಂದ ತೊಡೆಯ ಮೇಲೆ ಕಂದು ಕಾಗದ ಹಾಸಿಕೊಂಡು ಪೆನ್ಸಿಲಿನಲ್ಲಿ ಆ ಮೈದಾನ ಬರೆದಿದ್ದರು. ಸಿದ್ದರಾಜು ತನ್ನ ಸರದಿ ಮುಗಿಸಿದ. ಎಡಕ್ಕೆ ಯಾರು, ಬಲಕ್ಕೆ ಯಾರು, ಎಲ್ಲ ಹೇಳಿದ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ನೀವೆಲ್ಲಿದ್ರಿ ಏಜೆಂಟ್ರೆ?"

ಕಂದು ಗುಂಡಿಯನ್ನು ಕೈಗೆತ್ತಿಕೊಂಡೆ. ಬ್ಯಾರಿಕೇಡಿನ ಪಕ್ಕ ಇಟ್ಟೆ. "ಇಲ್ಲೇ. ಜನರ ತಳ್ಳಾಟದಲ್ಲಿ ಅದು ಹೇಗೋ ಆಚೆ ಬಂದುಬಿಟ್ಟೆ."

"ಎಡಕ್ಕೆ?"

"ಕೇರಳದ ಒಬ್ಬ ಹುಡುಗ. ಹಳದಿ ಶರ್ಟು."

"ಬಲಕ್ಕೆ?"

"ಕಂಬಿ."

ಸಾಬರು ನನ್ನ ಶರ್ಟು ನೋಡಿದರು. "ಅವತ್ತು ಇದೇ ಶರ್ಟಲ್ವಾ, ನಾನ್ ಹೊಲ್ದಿದ್ದು?" ಹೌದು ಎಂದೆ. ಹತ್ತಿರ ಕರೆದು, ಕಂಕುಳ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದರು. ಒಗೆದರೂ ಹೋಗದಿದ್ದ ತೋಳಿನ ಕಲೆಯ ಮೇಲೆ ಹೆಬ್ಬೆರಳು ಒಂದು ಕ್ಷಣ ನಿಂತಿತು. "ಒಂದ್ ಹೊಲಿಗೆನೂ ಬುಟ್ಟಿಲ್ಲ" ಎಂದರು. ತಮ್ಮ ಕೈಕೆಲಸವನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನೂ ಹೊಗಳಿದೆ. ಅದೇ ನಮ್ಮ ಕೊನೆಯ ಭೇಟಿ.

ಆ ಚಳಿಗಾಲ ಅವರು ದಾಟಲಿಲ್ಲ. ಹಳೆಯ ಉಬ್ಬಸ ಎಂದರು ಡಾಕ್ಟರು. ವಿಮೆಯವನಾದ ನಾನು ಸಾವಿನ ಕಾರಣದ ಕಾಲಂ ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ಎಲ್ಲವೂ ಹಿಡಿಸುವುದಿಲ್ಲ ಎಂದು ನನಗೆ ಗೊತ್ತು.

ನಲವತ್ತು ದಿನ ಕಳೆದ ಮೇಲೆ ಅವರ ಮನೆಯವರು, ನಸೀಮಮ್ಮ, ಬಿಸ್ಕತ್ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. "ಏಜೆಂಟ್ರಿಗೇ ಕೊಡು ಅಂದಿದ್ರು. ಕೊನೆಗೆ ಮಿಷನ್ ತುಳಿಯೋಕೆ ಆಗ್ತಿರ್ಲಿಲ್ಲ. ಕೈಯಲ್ಲಿ ಇದೊಂದು ಹೊಲೀತಾ ಕೂತಿರೋರು." ಒಳಗೆ ಮಡಿಸಿದ ಕಂದು ಕಾಗದ. ಗುಂಡಿಗಳನ್ನೆಲ್ಲ ಅವರವರ ಜಾಗದಲ್ಲಿ ಗಟ್ಟಿ ದಾರದಿಂದ ಹೊಲಿದಿದ್ದರು. ವೇದಿಕೆಯ ಬುಡದಲ್ಲಿ ಸಿದ್ದರಾಜುವಿನ ಮಿರಿಮಿರಿ ಗುಂಡಿ. ಬಲಗಡೆಯ ಬ್ಯಾರಿಕೇಡಿಗೆ ಒತ್ತಿದಂತೆ ಅವರದೇ ಕಪ್ಪು ಗುಂಡಿ, ಒಂದೇ. ನನ್ನದು ಅಲ್ಲಿರಲಿಲ್ಲ. ತಗಡಿನ ಗೆರೆಯಾಚೆ, ಗೇಟಿನ ಹೊರಗೆ, ಪೆನ್ಸಿಲಿನಲ್ಲಿ ಒಂದು ಚಹದ ಲೋಟ ಬರೆದು, ಅದರ ಪಕ್ಕದಲ್ಲಿ ನಾಲ್ಕು ತೂತಿಗೂ ದಾರ ಹಾಯಿಸಿ ಹೊಲಿದಿದ್ದರು. ಎಳೆದರೂ ಬರುವುದಿಲ್ಲ, ನೋಡಿದ್ದೇನೆ.

ನಾನು ಈಗ ಯಾವ ಕಾರ್ಯಕ್ರಮಕ್ಕೂ ಹೋಗುವುದಿಲ್ಲ. ಆದರೆ ಒಂದು ಸೋಮವಾರದ ಬಾಕಿ ನನ್ನಲ್ಲಿ ಉಳಿದಿದೆ.

ಖಲೀಲ್ ಸಾಬರೇ, ನಾನು ನಿಂತಿದ್ದು ಚಹದ ಗಾಡಿಯ ಮುಂದೆ. ಎಡಕ್ಕೆ ಒಬ್ಬ ಆಟೋದವನು, ಕಾಲ ಮೇಲೆ ಕಾಲು ಹಾಕಿ ಬೀಡಿ ಸೇದುತ್ತಿದ್ದ. ಬಲಕ್ಕೆ ಕಡಲೆಕಾಯಿ ಹುರಿಯುವ ಹೆಂಗಸು. ಎದುರಿಗೆ, ಮೂವತ್ತು ಹೆಜ್ಜೆಯಲ್ಲಿ, ಗೇಟು. ಎಲ್ಲರೂ ಆಚೆ ಬರುತ್ತಿದ್ದಾಗ ಒಂದು ಬಿಳಿ ಟೋಪಿ ಮಾತ್ರ ಒಳಗೆ ಹೋಗುತ್ತಿತ್ತು. ನಾನು ನೋಡಿದೆ. ಕೂಗಿದೆ ಕೂಡ. ಎಷ್ಟು ಜೋರಾಗಿ ಎಂದು ಮಾತ್ರ ಕೇಳಬೇಡಿ.