ದಂಡೋತಿ ಹೊಳೆಯಲ್ಲಿ ಎರಡು ಮೋಟಾರು

ನಮ್ಮಪ್ಪನ ಮೋಟಾರು ನಿಜಾಮರ ಕಾಲದ್ದು. ಎತ್ತರದ ಗಾಲಿ, ತಲೆಯ ಮೇಲೆ ಕ್ಯಾನ್ವಾಸಿನ ಹೊದಿಕೆ, ಹತ್ತಲು ಪಕ್ಕದಲ್ಲಿ ಉದ್ದನೆಯ ಪಾವಟಿಗೆ. ಮುಂದೆ ಹ್ಯಾಂಡಲ್ ತೂರಿಸಿ, ತಿರುವೀ ತಿರುವೀ ಅಪ್ಪನ ರಟ್ಟೆ ಸೋತ ಮೇಲೆ ಕೆಮ್ಮುತ್ತ ಏಳುತ್ತಿತ್ತು. ಶಹಾಬಾದದಲ್ಲಿ ಯಾರ ಮಗಳು ಗಂಡನ ಮನೆಗೆ ಹೊರಟರೂ ಅದರಲ್ಲೇ. ಊರ ಹೆಣ್ಣುಮಕ್ಕಳನ್ನೆಲ್ಲ ಕಳಿಸಿಬಂದ ಅಪ್ಪನಿಗೆ ಇದ್ದದ್ದು ಒಂದೇ ಆಸೆ: ತನ್ನ ಮಗಳನ್ನೂ ಅದರಲ್ಲೇ ಕೂಡಿಸಿ, ಕಾಗಿಣಾ ಹೊಳೆಯಾಚೆಯ ಮುಧೋಳದ ಬೀಗರ ಬಾಗಿಲಲ್ಲಿ ತಾನೇ ಇಳಿಸಬೇಕು. ಮದುವೆಗೆ ಅದನ್ನು ತಿಕ್ಕಿ ತೊಳೆದು ಚೆಂಡುಹೂವಿನ ಮಾಲೆ ಸುತ್ತಿದ. "ಮಗಳಿಗಿಂತ ಮದ್ಲ ಇದಕ್ಕೇ ಅರಿಷಿಣ ಹಚ್ರಿ" ಎಂದು ಅವ್ವ ನಕ್ಕಳು.

ಬೀಗರು ಬಂದದ್ದು ಅಂಬಾಸಿಡರಿನಲ್ಲಿ. ನನ್ನ ಗಂಡನ ಸೋದರಮಾವನದು. ಹಾಲಿನಂಥ ಬಿಳುಪು, ಮೆತ್ತನೆಯ ಗಾದಿ, ಏರಿಸಿ ಇಳಿಸುವ ಗಾಜು, ಕೂತಲ್ಲಿಂದಲೇ ಚಾಲೂ. ಅಪ್ಪನದರಲ್ಲಿ ಚಿತ್ತಾಪುರ ಮುಟ್ಟುವಷ್ಟರಲ್ಲಿ ಹುಬ್ಬೂ ಧೂಳಾಗುತ್ತಿತ್ತು. ಇದರಲ್ಲಿ ಸೀರೆಯ ನೆರಿಗೆ ಕೆಡದು. ಹೋಲಿಸುವ ಮಾತೇ ಇರಲಿಲ್ಲ. ಆದರೂ ಆ ಮಾವ ಹೋಲಿಸಿದ, ಹಂದರದಡಿ, ಎಲ್ಲರೆದುರು.

"ಬೀಗರ, ಇದು ಮೋಟಾರೇನ್ರೀ? ಹೆಣ ಕೂಡ್ರಿಸಿ ಒಯ್ಯೋ ವಿಮಾನ ಕಂಡಂಗ ಕಾಣ್ತದ! ಹೂವಾ ಬ್ಯಾರೆ ಹಾಕೀರಿ. ನಮ್ಮ ಸೊಸಿನ್ನ ಎಲ್ಲಿಗಿ ಒಯ್ಯಾಕತ್ತೀರಿ?"

ಹಂದರವೆಲ್ಲ ನಕ್ಕಿತು. ಅಪ್ಪ ಕೈಮುಗಿದ. "ಮಗಳು ನನ್ನ ಗಾಡ್ಯಾಗ ಬರ್ಲಿ ಅಂತ ಭಾಳ ಆಸಿ ಅದರಿ."

"ಗಾಡಿ ಬ್ಯಾಡ ಅಂದವ್ರು ಯಾರು? ಭಾಂಡೆ ಸಾಮಾನ ಹೇರ್ಕೊಂಡು ಹಿಂದಿಂದ ಬರ್ರಿ."

ನನ್ನನ್ನು ಅಂಬಾಸಿಡರಿನಲ್ಲಿ ಕೂಡಿಸಿದರು. ಅಪ್ಪ ಹಾಗೇ ಹಿಂದಿನಿಂದ ಬಂದ. ಮೇಲೆಲ್ಲೋ ಮಳೆಯಾಗಿ ದಂಡೋತಿಯ ಹತ್ತಿರ ಕಾಗಿಣಾ ಹೊಳೆಗೆ ಮೊಣಕಾಲುದ್ದ ನೀರು ಬಂದಿತ್ತು. ತಗ್ಗು ಹೊಟ್ಟೆಯ ಅಂಬಾಸಿಡರ್ ನಡುಹೊಳೆಯಲ್ಲಿ ನೀರು ಕುಡಿದು ನಿಂತೇಬಿಟ್ಟಿತು. ಅಪ್ಪನ ಮೋಟಾರು ಕೊಡಪಾನಗಳನ್ನು ಗಲಗಲಿಸುತ್ತ ನಮ್ಮ ಪಕ್ಕದಿಂದಲೇ ಮುಂದೆ ದಾಟಿತು. ಸೆರಗಿನೊಳಗೆ ನನಗೆ ನಗು ತಡೆಯಲಾಗಲಿಲ್ಲ.

ಅಪ್ಪ ನೀರಿಗಿಳಿದು ನಮ್ಮ ಕಾರಿನಿಂದ ತನ್ನ ಮೋಟಾರಿಗೆ ಹಗ್ಗ ಕಟ್ಟಿದ. "ದಂಡಿ ಮುಟ್ಟೂತನಕ ಆಕಿನ್ನ ನನ್ನ ಗಾಡ್ಯಾಗ ಕೂಡ್ರಿಸ್ಲೇನ್ರಿ? ನಿಮಗೂ ಭಾರ ಕಡಿಮಿ ಆಗ್ತದ."

"ಮದಲಗಿತ್ತಿ ನಡುದಾರ್ಯಾಗ ಇಳೀಬಾರದು. ನೀವು ಸುಮ್ಮ ಜಗ್ರಿ," ಎಂದ ಮಾವ.

ಧೋತರ ತೊಯ್ಯುತ್ತದೆಂದು ಗಂಡಸರೊಬ್ಬರೂ ಇಳಿಯಲಿಲ್ಲ. ತುಂಬಿದ ಕಾರನ್ನು ಅಪ್ಪ ಎಳೆದ. ದಂಡೆಯ ಏರು ಮುಗಿಯುವಲ್ಲಿ ಕಟ್ಟಿಗೆ ಮುರಿದಂಥ ಸದ್ದು. ಅವನ ಮೋಟಾರಿನ ಆ್ಯಕ್ಸಲ್ ತುಂಡಾಗಿ ಹಿಂಭಾಗ ಕುಸಿಯಿತು. ಅಷ್ಟರಲ್ಲಿ ನಾವು ಮೇಲೆ ಬಂದಾಗಿತ್ತು. ನೀರು ಒರೆಸಿ, ತುಸು ಹೊತ್ತು ಒಣಗಿಸಿದ್ದೇ ಅಂಬಾಸಿಡರ್ ಚಾಲೂ ಆಯಿತು. ಮಾವ ಹಗ್ಗ ಬಿಚ್ಚಿ ಎಸೆದ.

"ವ್ಯಾಳ್ಯಾ ಮೀರ್ತದ ಬೀಗರ, ನಾವು ಮುಂದಾಗ್ತೀವಿ. ನಿಮ್ಮ ವಿಮಾನ ಮಸಣಾ ಮುಟ್ಟೂ ಮದ್ಲೇ ಬಿತ್ತಲ್ರೀ!"

ನಾನು ಗಂಡನ ತೋಳು ಹಿಡಿದೆ. "ಅಪ್ಪಗ ಒಂದೀಟು ಜಾಗಾ ಮಾಡ್ರಿ."

"ಎಲ್ಲಿ ಅದ ಜಾಗಾ?" ಎಂದ. ಅವನ ಪಕ್ಕದಲ್ಲಿ ಬಾಡಿದ ಹಾರಗಳ ಬುಟ್ಟಿ ಕೂತಿತ್ತು.

ದೀವಳಿಗೆಗೆ ಅಪ್ಪ ನನ್ನನ್ನು ಕರೆಯಲು ಬಸ್ಸಿನಲ್ಲಿ ಬಂದ. ಮೋಟಾರು ಗುಜರಿಯವನ ಪಾಲಾಗಿತ್ತು. ಕಟ್ಟೆಯ ಮೇಲಿಂದ ಮಾವ ಕೂಗಿದ: "ವಿಮಾನ ಎಲ್ರೀ ಬೀಗರ?" ಎಲ್ಲರೂ ನಕ್ಕರು, ನನ್ನ ಗಂಡನೂ. ಕೊನೆಗೆ ಅಪ್ಪನೂ ನಕ್ಕ.

ಬಸ್ಸು ತುಂಬಿತ್ತು. ಯಾರನ್ನೋ ಬೇಡಿಕೊಂಡು ಕಿಟಕಿಯ ಪಕ್ಕ ನನ್ನನ್ನು ಕೂಡಿಸಿ, ತಾನು ಕಂಬಿ ಹಿಡಿದು ನಿಂತ. ದಂಡೋತಿಯ ಏರು ಬಂದಾಗ ಅತ್ತ ಬೆನ್ನು ಮಾಡಿ ನನ್ನ ಕಡೆ ಬಾಗಿದ.

"ಆರಾಮ ಕುಂತೀ ಏನವ್ವಾ?"