ಸಾನ್ನಾ ಹಿಟ್ಟು ಮತ್ತು ಡೆಕ್ಲನ್‌ನ ಪೀಪಾಯಿ

ನನ್ನ ಗಂಡ ಆಲೋಶಿಯಸ್‌ಗೆ ಡಬ್ಲಿನ್ನಿನಲ್ಲಿ ಎರಡು ಮನೆ. ಒಂದು, ಕ್ಲಾಂಡಾಲ್ಕಿನ್‌ನಲ್ಲಿ ನಾನೂ ಮಗಳು ರೆಶೆಲ್‌ಳೂ ಇರುವ ಮನೆ. ಇನ್ನೊಂದು, ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಡೆಕ್ಲನ್‌ನ ಪಬ್. ಮೊದಲನೆಯದರಲ್ಲಿ ಅವರು ಉಣ್ಣುತ್ತಿದ್ದರು, ಮಲಗುತ್ತಿದ್ದರು, ಟಿವಿಯ ರಿಮೋಟ್ ಕಳೆದುಹಾಕುತ್ತಿದ್ದರು. ಎರಡನೆಯದರಲ್ಲಿ ಅವರಿಗೊಂದು ಮರ್ಯಾದೆಯಿತ್ತು.

ಕುಡುಕರೆಂದು ತಿಳಿಯಬೇಡಿ. ಗುರುವಾರ ಸಂಜೆ ಹೋಗಿ ಒಂದೂವರೆ ಗ್ಲಾಸು ಕುಡಿದು, ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರ ಹಾಗೆ ಗಂಭೀರವಾಗಿ ಮನೆಗೆ ಬರುತ್ತಿದ್ದರು. ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ನಾನು ಕರಾವಳಿಯ ಬೆಳ್ಮಣ್ಣಿನವಳು. ಮದುವೆಯಾದ ಮೇಲೆ ನಮ್ಮಿಬ್ಬರ ಮಾತು ಅವರ ಬೆಂಗಳೂರು ಕನ್ನಡಕ್ಕೆ ತಿರುಗಿ, ಕೊಂಕಣಿ ಪ್ರಾರ್ಥನೆಗೂ ಜಗಳಕ್ಕೂ ಉಳಿಯಿತು. ನನ್ನ ನರ್ಸ್ ಕೆಲಸದ ಬೆನ್ನು ಹಿಡಿದು ಮೊದಲು ಇಂಗ್ಲೆಂಡಿನ ಶೆಫೀಲ್ಡಿಗೆ, ಆಮೇಲೆ ಇಲ್ಲಿಗೆ ಬಂದೆವು. ಶೆಫೀಲ್ಡಿನಲ್ಲಿ ಕೆಲಸ ಸಿಗದೆ ಅಲೆದ ಚಳಿಗಾಲದಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳಲು ಹೊಕ್ಕ ಪಬ್ಬುಗಳಲ್ಲಿ ಅವರಿಗೆ ಪೀಪಾಯಿ ಏಲ್ ಎಂಬ ಬಿಯರಿನ ರುಚಿ ಹತ್ತಿತು.

ಅದೇನೆಂದು ನಾನು ಕೇಳಿದ್ದು ಒಂದೇ ಸಲ. ಉತ್ತರ ಇನ್ನೂ ಮುಗಿದಿಲ್ಲ. ಸಾರಾಂಶ ಇಷ್ಟು: ಮಾಮೂಲಿ ಬಿಯರ್ ಜೀವವಿಲ್ಲದ್ದು, ಗ್ಯಾಸ್ ತುಂಬಿ ಚಳಿಯಲ್ಲಿಟ್ಟದ್ದು. ಇದು ಪೀಪಾಯಿಯೊಳಗೇ ಹುದುಗುತ್ತಾ ಜೀವಂತವಾಗಿರುತ್ತದೆ. ಅದಕ್ಕೆ ನೆಲಮಾಳಿಗೆಯ ತಂಪು ಸಾಕು. ಮೇಲೆ ತರಲು ನಮ್ಮೂರ ಬೋರ್‌ವೆಲ್ಲಿನ ಹಾಗೆ ಕೈಪಂಪು. ಪೀಪಾಯಿ ತೆರೆದರೆ ಮೂರು ನಾಲ್ಕು ದಿನದಲ್ಲಿ ಕುಡಿದು ಮುಗಿಸಬೇಕು, ಇಲ್ಲವಾದರೆ ವಿನೆಗರ್. ಅಯ್ಯೋ, ನಮ್ಮೂರ ಕಳ್ಳು ತಾನೇ ಎಂದೆ. ಎರಡು ದಿನ ಅವರು ನನ್ನೊಡನೆ ಮುಖ ಕೊಟ್ಟು ಮಾತಾಡಲಿಲ್ಲ.

ಐರ್ಲೆಂಡಿನಲ್ಲಿ ಇದನ್ನು ಕೇಳುವವರು ಕಡಿಮೆ. ಡೆಕ್ಲನ್ ಹರೆಯದಲ್ಲಿ ಇಂಗ್ಲೆಂಡಿನ ಪಬ್ಬುಗಳಲ್ಲಿ ದುಡಿದು ಬಂದವನು, ಹಟಕ್ಕೆ ಒಂದು ಕೈಪಂಪು ಇಟ್ಟುಕೊಂಡಿದ್ದ. ಗುರುವಾರ ಹೊಸ ಪೀಪಾಯಿ ತೆರೆದು ಮೊದಲ ಅರ್ಧ ಗ್ಲಾಸನ್ನು ನಮ್ಮವರ ಮುಂದಿಡುತ್ತಿದ್ದ. ಇವರು ಮೂಸಿ, ಒಂದು ಗುಟುಕು ಕುಡಿದು, ತಲೆಯಾಡಿಸಬೇಕು. ಆಮೇಲೆಯೇ ಬೇರೆಯವರಿಗೆ. ಮೂಗು ಅಂದರೆ ಅಂಥ ಮೂಗು. ನಾನು ಹಂದಿ ಮಾಂಸದ ಬಾಫಾತ್‌ಗೆ ಅಂಗಡಿಯ ಮಸಾಲೆ ಪುಡಿ ಹಾಕಿದರೆ ಗೇಟಿನಲ್ಲೇ ಗೊತ್ತಾಗುತ್ತಿತ್ತು. ಕೋಲ್ಡ್ ಸ್ಟೋರೇಜಿನಲ್ಲಿ ಮೆಷಿನ್ ರಿಪೇರಿ ಮಾಡುವ ಈ ಮನುಷ್ಯನನ್ನು ಇಡೀ ಪಬ್ಬು ಉಸಿರು ಬಿಗಿಹಿಡಿದು ನೋಡುತ್ತಿತ್ತಂತೆ. ಈ ಸಂಗತಿ ನನಗೆ ಅವರಿಂದಲೇ ಗೊತ್ತು, ಬಹಳ ಸಲ ಗೊತ್ತು.

ಪಬ್ಬಿನಿಂದ ನನಗೂ ಒಂದು ಲಾಭವಿತ್ತು. ಹಬ್ಬಕ್ಕೆ ಸಾನ್ನಾ ಮಾಡಬೇಕಲ್ಲ, ಕಳ್ಳು ಹಾಕಿ ಹುದುಗು ಬರಿಸಿದ ಅಕ್ಕಿ ಹಿಟ್ಟಿನದು, ಇಡ್ಲಿಯ ಅಕ್ಕ ಅನ್ನಿ. ಇಲ್ಲಿ ಕಳ್ಳೆಲ್ಲಿ? ಪೊಟ್ಟಣದ ಈಸ್ಟ್ ಹಾಕಿದರೆ ಸಾನ್ನಾ ಉಬ್ಬುತ್ತಿತ್ತೇ ಹೊರತು ಪರಿಮಳ ಬರುತ್ತಿರಲಿಲ್ಲ. ಒಂದು ಸೆಪ್ಟೆಂಬರಿನಲ್ಲಿ, ಮಾತೆ ಮರಿಯಮ್ಮನ ಮೊಂತಿ ಹಬ್ಬಕ್ಕೆ, ಆಲೋಶಿಯಸ್ ಖಾಲಿಯಾದ ಪೀಪಾಯಿಯ ತಳದ ಗಸಿಯನ್ನು ಬಾಟಲಿಯಲ್ಲಿ ತಂದುಕೊಟ್ಟರು. ಬೈದುಕೊಂಡೇ ಹಿಟ್ಟಿಗೆ ಸುರಿದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಅಡುಗೆಮನೆಯಲ್ಲಿ ನನ್ನ ಅಮ್ಮ ನಿಂತಿದ್ದ ಹಾಗಾಯಿತು. ತುಸು ಕಹಿ, ಆದರೂ ಅದೇ ಸಾನ್ನಾ. ಅಂದಿನಿಂದ ಪ್ರತಿ ಹಬ್ಬಕ್ಕೂ ಒಂದು ಬಾಟಲಿ ಬಂತು. ನಾನು ಮಾತ್ರ ಆ ಪಬ್ಬಿನ ಹೊಸ್ತಿಲು ದಾಟಲಿಲ್ಲ.

ಆಮೇಲೆ ಕೋವಿಡ್‌ನ ಆ ಮಾರ್ಚ್ ಬಂತು. ಪಬ್ಬುಗಳಿಗೆ ಬೀಗ ಬಿತ್ತು. ಗ್ಯಾಸಿನ ಬಿಯರ್ ಕಾಯಬಲ್ಲದು, ಪೀಪಾಯಿ ಕಾಯುವುದಿಲ್ಲ. ಡೆಕ್ಲನ್ ತೆರೆದಿಟ್ಟ ಏಲನ್ನೆಲ್ಲ ಹಿತ್ತಲ ಮೋರಿಗೆ ಸುರಿದ. ಇವರು ಗೇಟಿನ ಹೊರಗೆ ನಿಂತು ನೋಡಿ ಬಂದು, ಸಾವಿನ ಮನೆಯಿಂದ ಬಂದವರಂತೆ ಕೈಕಾಲು ತೊಳೆದುಕೊಂಡರು.

ಬೇಸಿಗೆಯಲ್ಲಿ ಊಟ ಕೊಡುವ ಪಬ್ಬುಗಳಿಗೆ ಅನುಮತಿ ಸಿಕ್ಕಿತು. ಡೆಕ್ಲನ್‌ನ ಪಬ್ಬಿನಲ್ಲಿ ಆಲೂ ಚಿಪ್ಸಿನ ಪೊಟ್ಟಣ ಬಿಟ್ಟರೆ ಊಟವೆಂಬುದು ಇರಲಿಲ್ಲ, ಬೀಗ ಹಾಗೇ ಉಳಿಯಿತು. ವಾಕಿಂಗ್ ನೆಪದಲ್ಲಿ ಇವರು ಗುರುವಾರ ಅಲ್ಲಿಗೇ ಹೋಗಿ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕೈಪಂಪನ್ನು ನೋಡಿಕೊಂಡು ಬರುತ್ತಿದ್ದರು. ನಾನು ದಿನವಿಡೀ ಗೌನು ಮಾಸ್ಕಿನೊಳಗೆ ಬೆಂದು ಮನೆಗೆ ಬಂದರೆ ಈ ಮನುಷ್ಯನಿಗೆ ಒಂದು ಪಂಪಿನ ಚಿಂತೆ. ನನಗೆ ಸಿಟ್ಟೂ ಬಂತು, ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಯಿತು. ನನಗಾಗಿ ಇವರು ಯಾವ ಗಾಜಿಗೆ ಹಣೆ ಹಚ್ಚಿದ್ದರು?

ಮುಂದಿನ ಜನವರಿಯಲ್ಲಿ ಇವರಿಗೆ ಕೋವಿಡ್ ಬಂತು. ಜ್ವರ ಬೇಗ ಇಳಿಯಿತು, ಇಲ್ಲಿನವರ ಹಾಗೆ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೀನಿ, ಎಂದು ಓಡಾಡಿದರು. ಒಂದು ಬೆಳಿಗ್ಗೆ ಚಹಾಕ್ಕೆ ಹಾಲು ಹಾಕಿಕೊಂಡು ಕುಡಿಯುತ್ತಿದ್ದರು. ಹಾಲು ಕೆಟ್ಟಿತ್ತು, ಬಾಗಿಲಲ್ಲಿ ನಿಂತ ನನಗೇ ಅದರ ನಾತ ಹೊಡೆಯುತ್ತಿತ್ತು. ಅವರು ಪೂರ್ತಿ ಕುಡಿದು ಕಪ್ ತೊಳೆದಿಟ್ಟರು. ಆಗ ನನಗೆ ತಿಳಿಯಿತು.

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಅನ್ನುವುದು ಗಾದೆ. ಮೂಗೇ ಹೋದ ಮೇಲೆ ಇವರ ಬಾಯಿ ಮುಚ್ಚಿತು. ಲವಂಗ, ನಿಂಬೆ, ಕಾಫಿಪುಡಿ, ನಮ್ಮ ಬಾಫಾತ್ ಪುಡಿ, ಎಲ್ಲವನ್ನೂ ಬಟ್ಟಲಲ್ಲಿಟ್ಟು ದಿನಾ ಬೆಳಿಗ್ಗೆ ಸಂಜೆ ಮೂಸಿಸಿದೆ, ಮೂಗಿಗೆ ಅದೇ ವ್ಯಾಯಾಮವೆಂದು. ಪರೀಕ್ಷೆಗೆ ಓದದೆ ಹೋದ ಹುಡುಗನ ಹಾಗೆ ಅವರು ನನ್ನ ಮುಖ ನೋಡುತ್ತಿದ್ದರು. ರೆಶೆಲ್ ಬೆನ್ನು ತಟ್ಟಿ ‘ಯು ಆರ್ ಗ್ರ್ಯಾಂಡ್, ಡ್ಯಾಡ್’ ಎನ್ನುತ್ತಿದ್ದಳು. ಯಾವ ವಾಸನೆಯೂ ಬರಲಿಲ್ಲ. ಮಾಡಿದ ಸಾರು ಹೇಗಿದೆ ಎಂದು ಕೇಳುವುದನ್ನು ನಾನು ಬಿಟ್ಟೆ.

ಜುಲೈ ಕೊನೆಗೆ ಪಬ್ಬಿನೊಳಗೆ ಕೂರಲು ಅನುಮತಿ ಬಂದಾಗ ಡೆಕ್ಲನ್ ಫೋನ್ ಮಾಡಿದ. ಗುರುವಾರ ಮೊದಲ ಪೀಪಾಯಿ ತೆರೆಯುತ್ತೇನೆ, ನೀನು ತಲೆಯಾಡಿಸದೆ ಯಾರಿಗೂ ಕೊಡುವುದಿಲ್ಲ ಎಂದ. ಇವರು ಸರಿ ಎಂದು ಫೋನಿಟ್ಟು, ಮೈ ಸರಿಯಿಲ್ಲ ಅಂತ ಮೆಸೇಜ್ ಹಾಕಿಬಿಡು ಎಂದು ನನಗೆ ಹೇಳಿದರು. ಒಂದೂವರೆ ವರ್ಷ ಆ ಬಾಗಿಲಿಗೆ ಕಾದವರು.

‘ಯಾಕ್ರೀ?’ ಎಂದೆ.

‘ಮೂಗಿಲ್ದೋನಿಗೆ ಅಲ್ಲೇನು ಕೆಲಸ, ಆಗ್ನೆಸ್? ಅಲ್ಲಿ ನಾನು ಅಂದ್ರೆ ಅದೇ ತಾನೆ.’

ನಾನು ಜಗಳವಾಡಲಿಲ್ಲ. ಗುರುವಾರ ಡ್ಯೂಟಿ ಬದಲಾಯಿಸಿಕೊಂಡು, ಚರ್ಚಿಗೆ ಉಡುವ ಸೀರೆ ಉಟ್ಟು, ಬಾಗಿಲಲ್ಲಿ ನಿಂತು, ನಾನು ಹೊರಟೆ, ನೀವು ಬರುವುದಾದರೆ ಬನ್ನಿ ಎಂದೆ. ಅವರು ಚಪ್ಪಲಿ ಹುಡುಕತೊಡಗಿದರು.

ಬಾಗಿಲಲ್ಲಿ ಲಸಿಕೆಯ ಸರ್ಟಿಫಿಕೇಟ್ ತೋರಿಸಿ ಒಳಗೆ ಹೋದೆವು. ಕೌಂಟರಿನ ಬಳಿ ಯಾರೂ ನಿಲ್ಲುವಂತಿರಲಿಲ್ಲ. ನಮ್ಮನ್ನು ಕಿಟಕಿಯ ಮೇಜಿಗೆ ಕೂರಿಸಿದರು. ಮಾಸ್ಕು ಹಾಕಿದ ಡೆಕ್ಲನ್ ದೂರದಿಂದ ಕೈಯೆತ್ತಿ, ಪಂಪಿನ ಹಿಡಿ ಎಳೆದ. ಸುತ್ತಲಿನ ಮೇಜುಗಳಲ್ಲಿ ಮಾತು ನಿಂತಿತು. ಅವರು ಹೇಳಿದ್ದು ಬರೀ ಬಡಾಯಿಯಲ್ಲ, ನಿಜವಾಗಿಯೂ ನಿಂತಿತು.

ಡೆಕ್ಲನ್ ಅರ್ಧ ಗ್ಲಾಸನ್ನು ಮೇಜಿಗೆ ತಂದಿಟ್ಟ. ಆಲೋಶಿಯಸ್ ಅದನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದರು. ಮತ್ತೊಮ್ಮೆ ಎಳೆದರು. ಕಣ್ಣು ಮುಚ್ಚಿದರು. ತೆರೆದಾಗ ಆ ಕಣ್ಣಿನಲ್ಲಿದ್ದ ಭಯವನ್ನು ನಾನು ನನ್ನ ವಾರ್ಡಿನ ರೋಗಿಗಳಲ್ಲಿ ನೋಡಿದ್ದೆ, ಇವರಲ್ಲಿ ನೋಡಿರಲಿಲ್ಲ. ಸುಳ್ಳು ತಲೆಯಾಡಿಸಿ ಮುಗಿಸಬಹುದಿತ್ತು. ಆ ಒಂದು ವಿಷಯದಲ್ಲಿ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಾನು ಅವರ ಕೈಯಿಂದ ಗ್ಲಾಸು ತೆಗೆದುಕೊಂಡೆ. ಮೂಸಿದೆ, ಒಂದು ಗುಟುಕು ಕುಡಿದೆ. ಡೆಕ್ಲನ್ ನಮ್ಮಿಬ್ಬರನ್ನೂ ನೋಡಿ, ಪಕ್ಕದ ಸ್ವಚ್ಛ ಮೇಜನ್ನು ಒರೆಸಲು ಹೋದ.

‘ಅಮ್ಮ ಬೆಳಿಗ್ಗೆ ಸಾನ್ನಾ ಹಿಟ್ಟಿನ ಮುಚ್ಚಳ ತೆಗೀತಾಳಲ್ಲ, ಆ ಪರಿಮಳ,’ ಎಂದೆ. ‘ಹುಳಿ ಐತೆ, ವಿನೆಗರ್ ಆಗಿಲ್ಲ. ಹಿಂದೆ ಸ್ವಲ್ಪ ಕೆಂಪಗೆ ಸುಟ್ಟ ಬ್ರೆಡ್ಡು. ಆಮೇಲೆ ಕಿತ್ತಳೆ ಸಿಪ್ಪೆ, ಉಗುರಲ್ಲಿ ಆಗ ತಾನೇ ಬಿಡಿಸಿದ್ದು. ಕೊನೇಲಿ ಕಹಿ. ಚೆನ್ನಾಗೈತೆ ರೀ.’

ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಡೆಕ್ಲನ್ ಕಡೆ ತಿರುಗಿ ತಲೆಯಾಡಿಸಿದರು. ಪಬ್ಬಿನಲ್ಲಿ ಮಾತು ಮತ್ತೆ ಶುರುವಾಯಿತು, ಪಂಪಿನ ಹಿಡಿ ಮೇಲೆ ಕೆಳಗೆ ಆಡತೊಡಗಿತು. ಆಲೋಶಿಯಸ್ ಒಂದು ಗುಟುಕು ಕುಡಿದು ಗ್ಲಾಸನ್ನು ನನ್ನ ಕಡೆಗೆ ಸರಿಸಿದರು.

‘ಇನ್ನೊಂದ್ಸಲ ಹೇಳು,’ ಎಂದರು. ‘ಕಿತ್ತಳೆಯಿಂದ.’

ಮದುವೆಯಾದಂದಿನಿಂದ ನನ್ನ ಯಾವ ಮಾತನ್ನೂ ಅವರು ಎರಡನೇ ಸಲ ಕೇಳಿದವರಲ್ಲ. ನಾನು ಗ್ಲಾಸನ್ನು ಮತ್ತೆ ಮೂಗಿನ ಹತ್ತಿರ ತಂದುಕೊಂಡೆ.