ಮಾಮಾನ ಮೊಣಕಾಲು, ನನ್ನ ಹೊಡೆತ

ಸುಟ್ಟ ಇಂಜಿನ್ ಆಯಿಲ್‌ನ ವಾಸನೆ ಬಂದರೆ ಬೇರೆಯವರಿಗೆ ಗ್ಯಾರೇಜು ನೆನಪಾಗುತ್ತದೆ. ನನಗೆ ಗಾಲ್ಫ್ ನೆನಪಾಗುತ್ತದೆ.

ನಗಬೇಡಿ. ಟಿವಿಯ ಗಾಲ್ಫಿನಲ್ಲಿ ಚೆಂಡು ಬೀಳುವ ಕುಣಿಯ ಸುತ್ತ ಹಸಿರು ಹುಲ್ಲು ಜಮಖಾನೆ ಹಾಸಿದಂತೆ ಇರುತ್ತದೆ. ದಾಂಡೇಲಿಯ ನಮ್ಮ ಮೈದಾನದಲ್ಲಿ ಅಷ್ಟು ಹುಲ್ಲನ್ನು ಸಾಕುವವರು ಯಾರು? ಕುಣಿಯ ಸುತ್ತ ಮರಳು ಹರಡಿ, ಅದು ಗಾಳಿಗೆ ಹಾರದಿರಲಿ ಎಂದು ಸುಟ್ಟ ಆಯಿಲ್ ಸುರಿದು ಕಲೆಸಿಬಿಡುತ್ತಿದ್ದರು. ಬಿಳಿ ಚೆಂಡು ತಗೊಂಡು ಹೋದವನು ಕರಿ ಚೆಂಡು, ಕರಿ ಕೈ, ಕರಿ ಪ್ಯಾಂಟು ಮಾಡಿಕೊಂಡು ಮನೆಗೆ ಬರುತ್ತಿದ್ದ. ನಮ್ಮ ಅವ್ವನ ಪ್ರಕಾರ ಇದು ಆಟವಲ್ಲ, ಗ್ಯಾರೇಜಿನ ಕೆಲಸ. ಪಗಾರ ಮಾತ್ರ ಇಲ್ಲ.

ಆ ಮರಳಿನ ಮೇಲೆ ಹೆಜ್ಜೆ ಇಟ್ಟರೆ ಹೆಜ್ಜೆ ಮೂಡುತ್ತದೆ, ಚೆಂಡು ಉರುಳಿದರೆ ಗೆರೆ ಮೂಡುತ್ತದೆ. ಅದನ್ನೆಲ್ಲ ಅಳಿಸಿ ಸಪಾಟು ಮಾಡಲು ಹಗ್ಗ ಕಟ್ಟಿದ ಒಂದು ಫೆಲ್ಟಿನ ತುಂಡು ಇತ್ತು. ಫೆಲ್ಟ್ ಅಂದರೆ ಕಾಗದದ ಮಿಲ್ಲಿನ ಮಶೀನಿನಲ್ಲಿ ಹಸಿ ಕಾಗದವನ್ನು ಹೊತ್ತು ತಿರುಗುವ ದಪ್ಪನೆಯ ಕಂಬಳಿಯಂಥ ಬಟ್ಟೆ. ಸವೆದ ಮೇಲೆ ಅದು ನಮ್ಮೂರಿನ ಮನೆಮನೆ ಸೇರುತ್ತದೆ. ಹಾಸಿಗೆಗೂ ಅದೇ, ಹೊದಿಕೆಗೂ ಅದೇ, ಬಾಗಿಲ ಮುಂದೆ ಕಾಲು ಒರೆಸಲಿಕ್ಕೂ ಅದೇ. ನಾನು ಹುಟ್ಟಿದಾಗ ನನ್ನನ್ನು ಸುತ್ತಿದ್ದು ಕೂಡ ಅದರಲ್ಲೇ ಅಂತೆ. "ಅದಕ್ಕ ಇವನ ಮಾತು ಕಾಗದದಷ್ಟ ತೆಳು," ಎಂದು ಮಾಮಾ ಸೇರಿಸುತ್ತಿದ್ದ.

ಮಾಮಾ ಅಂದರೆ ಅವ್ವನ ತಮ್ಮ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾಗಿ, ಅಂಬೇವಾಡಿಯ ನಮ್ಮ ಮನೆಯಲ್ಲೇ ಇದ್ದ. ಹಿಂದೆ ಮಿಲ್ಲಿನ ಸಾಹೇಬರು ಆಡಿ ಬಿಟ್ಟ ಮೈದಾನದಲ್ಲಿ ಉಳಿದಿದ್ದ ನಾಲ್ಕೇ ಕುಣಿಗಳ ಮೇಲೆ ಪ್ರತಿ ಐತವಾರ ಇವರ ನಾಲ್ಕು ಮಂದಿಯ ಆಟ. ಮಾಮಾ, ಅವನ ದೋಸ್ತ ಗ್ಯಾರೇಜಿನ ಚಾಚಾ, ಒಬ್ಬ ರಿಟೈರ್ಡ್ ಮಾಸ್ತರರು, ಮತ್ತು ಒಬ್ಬ ಬ್ಯಾಂಕಿನವರು. ಸುಟ್ಟ ಆಯಿಲ್ ಎಲ್ಲಿಂದ ಬರುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ನಾನು ಪ್ರವಾಸಿಗರನ್ನು ಜೀಪಿನಲ್ಲಿ ಜೊಯಿಡಾ, ಅಣಶಿ ಕಡೆ ಸುತ್ತಾಡಿಸುವವನು. ಜೀಪು ವಾರಕ್ಕೊಮ್ಮೆ ಕೆಡುತ್ತಿತ್ತು, ಹೀಗಾಗಿ ಚಾಚಾನ ಗ್ಯಾರೇಜಿನಲ್ಲಿ ನನಗೊಂದು ಖಾಯಂ ಸ್ಟೂಲು. ಅಲ್ಲಿ ಕೂತು ಮಂದಿಯ ನಕಲಿ ಮಾಡುವುದು ನನ್ನ ಎರಡನೇ ಧಂದೆ. ಮಾಸ್ತರರು ಹೊಡೆಯುವ ಮೊದಲು ಚೆಂಡಿಗೆ ಬೆರಳು ತೋರಿಸಿ, ಗದರಿಸಿ, ಆಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ಪಾಪ, ಎಷ್ಟು ಹುಡುಗರನ್ನು ಹಾಗೆ ಪರೀಕ್ಷೆ ದಾಟಿಸಿದ್ದರೋ. ಚಾಚಾ ಗಾಲ್ಫ್ ಕೋಲನ್ನು ಪಾನಾ ಹಿಡಿದಂತೆ ಹಿಡಿದು, ಜಂಗು ಹತ್ತಿದ ನಟ್ಟು ಬಿಚ್ಚುವ ಹಾಗೆ ಒಮ್ಮೆಲೇ ತಿರುವುತ್ತಿದ್ದ. ಮಾಮಾನದು ಎಲ್ಲರಿಗಿಂತ ಮಜಾ: ಬಾಯಿ ಸೊಟ್ಟ ಮಾಡಿ, ಸೊಂಟ ಅಲ್ಲಾಡಿಸಿ, ಎಡಗಾಲಿನ ಹಿಮ್ಮಡಿ ಎತ್ತಿ, ಬಿಸಿ ತವೆ ತುಳಿದವನಂತೆ ಒಂದು ಸಣ್ಣ ಜಿಗಿತ.

ಒಂದು ದಿನ ಟೈರು ಬಿಚ್ಚುವ ಟಾಮಿಯನ್ನೇ ಕೋಲು ಮಾಡಿಕೊಂಡು ಇದನ್ನು ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದವರು ಒಮ್ಮೆಲೇ ಗಪ್ಪಾದರು. ಹಿಂದೆ ಮಾಮಾ.

"ನಕಲಿ ಛಲೋ ಐತಿ," ಎಂದ. "ಚೆಂಡ್ ಎಲ್ಲೈತಿ?"

"ಚೆಂಡ್ ಯಾಕ ಬೇಕ ಮಾಮಾ? ನೀ ಹೊಡದಾಗೂ ಅದು ಎಲ್ಲಿ ಹೋತಂತ ಯಾರಿಗೂ ಗೊತ್ತಾಗೂದಿಲ್ಲ."

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಮಾಮಾ ನಗಲಿಲ್ಲ. "ಐತವಾರ ಬಾ ಮಗನ. ಹೊಡದು ತೋರ್ಸು."

ಹೋದೆ. ಮಾಮಾನ ಹಾಗೆಯೇ ಬಾಯಿ ಸೊಟ್ಟ ಮಾಡಿ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಮಣ್ಣಿನ ಹೆಂಟೆಯೊಂದು ಹಾರಿ ಮಾಸ್ತರರ ಹೊಸ ಟೋಪಿಯ ಮೇಲೆ ಕೂತಿತು. ಮಾಸ್ತರರು ಟೋಪಿ ತೆಗೆದು ನೋಡಿ, "ಹೆಂಟಿ ಛಲೋ ಹೊಡದಿಯಪಾ, ಇದಕ್ಕೂ ಒಂದು ಕುಣಿ ತೋಡ್ಸೂಣೇನು?" ಎಂದರು.

ಅವತ್ತೇ ಬಿಟ್ಟುಬಿಡಬೇಕಿತ್ತು. ಎಲ್ಲರನ್ನೂ ನಗಿಸುವವನಿಗೆ ತನ್ನನ್ನು ನೋಡಿ ನಕ್ಕರೆ ಆಗಿಬರುವುದಿಲ್ಲ. ಈ ರೋಗ ನನಗೂ ಉಂಟು. ಆದರೆ ಮರುವಾರ, ಬೈಸಿಕೊಂಡು ಬೈಸಿಕೊಂಡು ಸಾಕಾದ ಮೇಲೆ, ಒಂದು ಹೊಡೆತ ಕೂಡಿಬಂತು. ಕೈಗೆ ಏನೂ ತಾಗಲಿಲ್ಲ ಅನ್ನಿಸಿತು. ತಲೆ ಎತ್ತಿ ನೋಡಿದರೆ ಚೆಂಡು ಸಾಗವಾನಿ ಗಿಡಗಳ ತುದಿಯವರೆಗೆ ಏರಿ, ಅಲ್ಲಿ ಏನೋ ಯೋಚಿಸುವವರಂತೆ ನಿಂತು, ಮೆಲ್ಲಗೆ ಇಳಿಯಿತು. ನಾನು ಇನ್ನೊಂದು ಚೆಂಡಿಗೆ ಕೈ ಹಾಕಿದೆ.

"ಮನಿಗಿ ನಡಿ," ಎಂದ ಮಾಮಾ.

"ಈಗ ಬರಾಕ ಹತ್ತೇತಿ ಮಾಮಾ, ಇನ್ನೊಂದ..."

"ಬರಾಕ ಹತ್ತೇತಿ ಅಂತನ ನಡಿ ಅನ್ನಾಕತ್ತೇನಿ. ಇನ್ನೊಂದ ಹೊಡದ್ರ ಅದು ಹಾಳಾಗಿ ಹೋಕ್ಕೈತಿ, ಮುಂದಿನ ಐತವಾರ ನೀ ಬರೂದಿಲ್ಲ. ಛಲೋದೊಂದು ಸಿಕ್ಕ ಕೂಡ್ಲೆ ಕಟ್ಟಿಕೊಂಡ ಹೋಗಬೇಕು."

ಫೋನಿನಲ್ಲಿ ದೇಶವಿದೇಶದ ಗುರುಗಳ ವಿಡಿಯೋಗಳನ್ನೆಲ್ಲ ನೋಡಿದ್ದೇನೆ. ಅವರೆಲ್ಲರ ನಕಲಿಯನ್ನೂ ಮಾಡಬಲ್ಲೆ. ಆದರೆ ವಾರವಿಡೀ ಜೀಪು ಓಡಿಸುವಾಗ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದ್ದದ್ದು ಕಟ್ಟಿಕೊಂಡು ಬಂದ ಆ ಒಂದು ಹೊಡೆತವೇ.

ಚಳಿಗಾಲ ಮುಗಿಯುವ ಹೊತ್ತಿಗೆ ಬ್ಯಾಂಕಿನವರಿಗೆ ವರ್ಗವಾಯಿತು. ನಾಲ್ಕನೆಯ ಜಾಗ ಖಾಲಿ. ಅದೇ ವಾರ ಮಾಮಾ ಊಟಕ್ಕೆ ಕೂತಾಗ, ಮಳೆಗಾಲಕ್ಕೆ ಮೊದಲೇ ಮುಂಡಗೋಡ ಕಡೆಯ ತನ್ನ ಊರಿಗೆ ಹೋಗುತ್ತೇನೆ, ಅಣ್ಣನ ಜೊತೆ ಭತ್ತದ ಗದ್ದೆ ನೋಡಿಕೊಳ್ಳುತ್ತೇನೆ, ಇನ್ನು ಅಲ್ಲೇ ಇರುವುದು ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಬೇರೆ ಲೆಕ್ಕ ಹಾಕುತ್ತಿದ್ದೆ. ಇಷ್ಟು ದಿನ ನಾನು ಅವರ ಹಿಂದೆ ಹಿಂದೆ ಹೋಗಿ ಬದಿಯಲ್ಲಿ ಹೊಡೆಯುತ್ತಿದ್ದವನು. ಮಾಮಾ ಹೋಗುವುದರೊಳಗೆ ಅವನ ಜೊತೆ ನಾಲ್ಕನೆಯವನಾಗಿ ಒಂದು ಪೂರ್ತಿ ಆಟ ಆಡಬೇಕು.

"ಮೂರನೇ ಕುಣಿ ಮುಂದಿನ ಹಳ್ಳ ದಾಟ್ಸು," ಎಂದ ಮಾಮಾ. "ದಾಟ್ಸಿದ್ರ ನಾಕನೇಯವ. ಅಕ್ಕನ ಮಗ ಅಂತ ಸಡ್ಲ ಬಿಡಾಂಗಿಲ್ಲ."

ಆ ಹಳ್ಳ ದೊಡ್ಡದೇನಲ್ಲ, ಎಮ್ಮೆಗಳು ದಾಟುತ್ತವೆ. ಆದರೆ ಅಲ್ಲಿ ಒಂದು ಪದ್ಧತಿ ಇತ್ತು: ಯಾರ ಚೆಂಡು ಹಳ್ಳಕ್ಕೆ ಬಿತ್ತೋ ಅವನೇ ಮೂರನೇ ಕುಣಿಯಲ್ಲಿ ಎಲ್ಲರ ಆಟ ಮುಗಿದ ಮೇಲೆ ಫೆಲ್ಟು ಎಳೆಯಬೇಕು. ಆ ಬೇಸಿಗೆ ಪೂರ್ತಿ ಫೆಲ್ಟು ಎಳೆದವನು ನಾನೇ. ಎಳೆದೂ ಎಳೆದೂ ಒಂದು ಲಾಭವಾಯಿತು. ಅಳಿಸುವ ಮೊದಲು ಚೆಂಡುಗಳ ಗೆರೆ ನೋಡುತ್ತಿದ್ದೆ: ಯಾರದು ಎಲ್ಲಿ ಬಾಗಿತು, ಎಲ್ಲಿ ಉಸಿರು ಬಿಟ್ಟಿತು. ಮನೆಯಲ್ಲೂ ಹಾಸುವ ಫೆಲ್ಟಿನ ಮೇಲೆ ನೀರಿನ ಚರಗಿ ಅಡ್ಡ ಮಲಗಿಸಿ ಚೆಂಡು ಉರುಳಿಸುತ್ತಿದ್ದೆ. ಠಣ್ ಎಂದರೆ ಒಳಗೆ ಹೋಯಿತು ಎಂದರ್ಥ. ಠಣ್ ಆದ ಮೇಲೆ ಅವ್ವನ ದನಿ ಬಂದರೆ ಚರಗಿಗೆ ತಗ್ಗು ಬಿತ್ತು ಎಂದರ್ಥ. ಹೀಗೆ ಕುಣಿಯ ಹತ್ತಿರದ ಆಟದಲ್ಲಿ ಹುಷಾರಾದೆ. ಹಳ್ಳ ಮಾತ್ರ ಹಳ್ಳವಾಗಿಯೇ ಉಳಿಯಿತು. ಎಷ್ಟು ಹೊಡೆದರೂ ಚೆಂಡು ಬಲಕ್ಕೆ ವಾಲಿ, ಸೋತವರಂತೆ ನೀರಿಗೆ.

ಮಾಮಾನ ಹಾಗೆ ಹೊಡೆದರೆ ಮಾಮಾನ ಚೆಂಡು ದಾಟುತ್ತದೆ, ನನ್ನದು ಯಾಕೆ ದಾಟುವುದಿಲ್ಲ? ಗ್ಯಾರೇಜಿನಲ್ಲಿ ಚಾಚಾನನ್ನೇ ಕೇಳಿದೆ. "ತೋರ್ಸು," ಎಂದ. ಟಾಮಿ ಹಿಡಿದು ತೋರಿಸಿದೆ: ಬಾಯಿ, ಸೊಂಟ, ಹಿಮ್ಮಡಿ, ಜಿಗಿತ. ಈ ಸಲ ಚಾಚಾ ನಗಲಿಲ್ಲ.

"ಇದು ನಿನ್ನ ಮಾಮಾ ಅಲ್ಲ ಬೇಟಾ."

"ಹೆಂಗ್ ಅಲ್ಲ ಚಾಚಾ? ಬಾಯಿ ನೋಡ್ರಿ ಬೇಕಾರ."

"ಬಾಯಿ ಅವಂದ. ಕಾಲು ಅವಂದಲ್ಲ. ಅವನ ಎಡಗಾಲು ನೆಲಕ್ಕ ಮೊಳಿ ಹೊಡದಂಗ ಇರ್ತಿತ್ತು. ಇಷ್ಟ ವರ್ಷ ಎದುರಿಗಿ ನಿಂತ ನೋಡೇನಿ, ಈಗೀಗ ಚೆಂಡ ಅಷ್ಟ ನೋಡ್ತೇನಿ. ಈ ಜಿಗ್ಯೂದು ನಗಸಾಕ ಅಂದ್ಕೊಂಡಿದ್ದೆ, ಎಲ್ಲಿಂದ ತಂದಿ?"

"ಅವನ ಕಡಿಂದನ. ಐತವಾರ ನೀವ ನೋಡ್ರಿ."

ಐತವಾರ ಚಾಚಾ ತನ್ನ ಆಟ ಬಿಟ್ಟು ಮಾಮಾನ ಕಾಲನ್ನೇ ನೋಡಿದ. ಮಾಮಾ ಹೊಡೆದ, ಹಿಮ್ಮಡಿ ಎದ್ದಿತು, ಬಾಯಿ ಸೊಟ್ಟವಾಯಿತು. ಚಾಚಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆ ಸೊಟ್ಟ ಬಾಯಿ ಆಟದ್ದಲ್ಲ, ನೋವಿನದು ಎಂದು ನನಗೆ ಹೊಳೆದದ್ದು ಆಗಲೇ. ಮೊಣಕಾಲಿಗೆ ಭಾರ ಬೀಳದಿರಲಿ ಎಂದು ಅವನು ಮಾಡುತ್ತಿದ್ದ ಉಪಾಯವನ್ನು ನಾನು ಎರಡು ಒಳ್ಳೆಯ ಮೊಣಕಾಲು ಇಟ್ಟುಕೊಂಡು ಶ್ರದ್ಧೆಯಿಂದ ಕಲಿತಿದ್ದೆ. ಅವನು ಕೈಯ ಚಾಲಾಕಿಯಲ್ಲಿ ಹೇಗೋ ದಾಟಿಸುತ್ತಿದ್ದ. ನನ್ನ ಕೈಯಲ್ಲಿ ಆ ಚಾಲಾಕಿ ಎಲ್ಲಿಂದ ಬರಬೇಕು?

"ಎಷ್ಟ ದಿನದಿಂದ ದೋಸ್ತ?" ಎಂದು ಚಾಚಾ ಕೇಳಿದ.

"ಏನ್ ಎಷ್ಟ ದಿನದಿಂದ?"

"ಮೊಣಕಾಲು."

ಮಾಮಾ ಮೊದಲು ಚಾಚಾನನ್ನು, ಆಮೇಲೆ ನನ್ನನ್ನು ನೋಡಿದ. "ಈ ಹುಚ್ಚಪ್ಯಾಲಿ ಹೇಳಿದ್ನೇನು?"

"ಅವ ಏನೂ ಹೇಳಿಲ್ಲ. ಮಾಡಿ ತೋರ್ಸಿದ."

ಮಾಮಾ ಕೋಲಿನ ಮೇಲೆ ಭಾರ ಹಾಕಿ ನಿಂತ. ದನಿ ಇಳಿಸಿ, "ನಿಮ್ಮವ್ವಗ ಹೇಳಬ್ಯಾಡ್ಲೇ," ಎಂದ. "ಗೊತ್ತಾದ್ರ ಮೈದಾನಕ್ಕ ಬಿಡಾಕಿಲ್ಲ ಆಕಿ. ಇನ್ನೊಂದೀಟ ದಿನ. ಊರಿಗೆ ಹೋದ ಮ್ಯಾಲೆ ಡಾಕ್ಟರ್ ಏನ್ ಹೇಳ್ತಾನ ಕೇಳ್ತೇನಿ." ಆಮೇಲೆ ಅವನೇ ನಕ್ಕ. "ಅಲ್ಲಲೇ, ನಕಲಿ ಮಾಡಾಕ ನಿನಗ ನನ್ನ ಮೊಣಕಾಲ ಬ್ಯಾನಿನ ಸಿಕ್ತೇನು? ನಿನ್ನ ಕಾಲಾಗ ನೀ ಹೊಡಿ."

ನನ್ನ ಕಾಲು! ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಊರಿನವರ ನಡಿಗೆಯೆಲ್ಲ ಬರುತ್ತದೆ, ಬಾರದ್ದು ನನ್ನದೊಂದೇ. ಅಣಶಿಯ ಕಾಡಿನಲ್ಲಿ ಪ್ರವಾಸಿಗರು ಮಂಗಟ್ಟೆ ಹಕ್ಕಿಗಾಗಿ ಕತ್ತು ಚಾಚಿ ಕೂತಾಗ ನಾನು ಜೀಪಿನ ಹಿಂದೆ ಬಿದಿರಿನ ಕೋಲು ಬೀಸುತ್ತಿದ್ದೆ. ಎಡಗಾಲು ಊರು, ಬೀಸು. ಊರು, ಬೀಸು. ಅವರಲ್ಲಿ ಒಬ್ಬಳು ಬಂದು ಏನಿದು ಎಂದು ಕೇಳಿದಳು. ಹಕ್ಕಿ ಕರೆಯುವ ನಮ್ಮ ಕಡೆಯ ಪದ್ಧತಿ ಎಂದೆ. ಅವರೆಲ್ಲ ಬಂದು ಅದರ ವಿಡಿಯೋ ಮಾಡಿಕೊಂಡರು. ಹಾಳು ಹಕ್ಕಿ ಆಗಲೇ ಬಂದು ಕೂಗಬೇಕೇ? ಅವತ್ತಿನಿಂದ ನನ್ನ ಗಿರಾಕಿ ಜಾಸ್ತಿಯಾದರು, ಹೊಡೆತ ಮಾತ್ರ ನೋಡಲಿಕ್ಕೆ ಕೊಡಲಿ ಬೀಸಿದಂತೆ. ಚಂದವೇ ಇಲ್ಲ. ಆದರೂ ಅದು ಯಾರದ್ದೂ ಅಲ್ಲ ಎಂಬುದು ಒಂದು ಥರ ಮಜಾ ಕೊಡುತ್ತಿತ್ತು.

ಮಾಮಾ ಹೊರಡುವ ಮುಂಚಿನ ಐತವಾರ. ಮೋಡ ಕಟ್ಟಿತ್ತು, ಗಾಳಿಯಲ್ಲಿ ಮಣ್ಣಿನ ವಾಸನೆ. ಮೊದಲ ಎರಡು ಕುಣಿ ಅವರು ಮೂವರೇ ಆಡಿದರು. ಹಳ್ಳದ ಮುಂದೆ ಬಂದಾಗ ಮಾಮಾ ಪಕ್ಕಕ್ಕೆ ಸರಿದು, "ಮೊದಲ ಇವನ," ಎಂದ. ನೆಲಕ್ಕೆ ಚುಚ್ಚಿದ ಬಿದಿರಿನ ಸಣ್ಣ ಮೊಳೆಯ ಮೇಲೆ ಚೆಂಡು ಇಟ್ಟೆ. ಅಭ್ಯಾಸಬಲ, ಬಾಯಿ ಸೊಟ್ಟವಾಗತೊಡಗಿತು. "ಬಾಯಿ ಮುಚ್ಚು," ಎಂದ ಮಾಮಾ.

ಎಡಗಾಲು ಊರಿದೆ, ಬೀಸಿದೆ. ಚೆಂಡು ಎತ್ತರಕ್ಕೇನೂ ಏರಲಿಲ್ಲ. ಸಿಟ್ಟು ಬಂದ ಸೊಳ್ಳೆಯಂತೆ ತಗ್ಗಿನಲ್ಲೇ ಹಾರಿ, ಆಚೆ ದಂಡೆಯ ಅಂಚಿಗೆ ಬಡಿದು, ಹಿಂದೆ ಉರುಳಲೋ ಬೇಡವೋ ಎಂದು ನೋಡಿ, ಅಲ್ಲೇ ಹುಲ್ಲಿನಲ್ಲಿ ನಿಂತಿತು. ಮಾಸ್ತರರು ಕನ್ನಡಕ ಏರಿಸಿ, "ಗ್ರೇಸ್ ಮಾರ್ಕ್ಸಿನ್ಯಾಗ ಪಾಸು," ಎಂದರು. ಚಾಚಾ ನನ್ನ ಬೆನ್ನಿಗೆ ಹೊಡೆದ ಏಟಿಗೆ ನಾನೇ ಹಳ್ಳಕ್ಕೆ ಬೀಳಬೇಕಿತ್ತು.

ಮಾಸ್ತರರು ದಾಟಿಸಿದರು, ಚಾಚಾ ದಾಟಿಸಿದ. ಕೊನೆಗೆ ಮಾಮಾ. ಬಾಯಿ, ಸೊಂಟ, ಹಿಮ್ಮಡಿ. ಚೆಂಡು ಬಲಕ್ಕೆ ವಾಲಿ ಬುಳಕ್ ಎಂದಿತು. ನನಗೆ ಬಹಳ ಪರಿಚಯದ ಸದ್ದು ಅದು.

ಮೂರನೇ ಕುಣಿಯಲ್ಲಿ ಎಲ್ಲರದೂ ಮುಗಿದ ಮೇಲೆ ನಾನು ಹಗ್ಗಕ್ಕೆ ಕೈ ಹಾಕಿದೆ.

"ಬಿಡ್ಲೇ," ಎಂದ ಮಾಮಾ.

"ಇರ್ಲಿ ಮಾಮಾ, ನನಗ ರೂಢಿ ಐತಿ."

"ಹಳ್ಳಕ್ಕ ಬಿದ್ದದ್ದು ಯಾರ ಚೆಂಡು? ಕಸಗೊಳ್ಳಬ್ಯಾಡ ನನ್ನ ಪಾಳಿ."

ಹಗ್ಗ ಹೆಗಲಿಗೆ ಹಾಕಿಕೊಂಡು ಕುಣಿಯ ಸುತ್ತ ಎಳೆಯತೊಡಗಿದ. ಆಯಿಲ್ ಮರಳಿನ ಮೇಲೆ ಅವನ ಬಲ ಹೆಜ್ಜೆ ಆಳವಾಗಿ, ಎಡ ಹೆಜ್ಜೆ ತೇಲಿಸಿದಂತೆ ಮೂಡುತ್ತಿತ್ತು. ಹಿಂದೆಯೇ ಫೆಲ್ಟು ಬಂದು ಅಳಿಸುತ್ತಿತ್ತು. ನಾವು ಮೂವರೂ ನಿಂತು ನೋಡಿದೆವು. ಅಷ್ಟು ಸಪಾಟಾಗಿ ನಾನು ಒಂದು ಸಲವೂ ಎಳೆದಿರಲಿಲ್ಲ.

ನಾಲ್ಕನೇ ಕುಣಿಯಲ್ಲಿ ಮಾಮಾ ಬಹಳ ದೂರದಿಂದ ಚೆಂಡನ್ನು ಉರುಳಿಸಿದ. ಅದು ಬಾಗಬೇಕಾದಲ್ಲಿ ಬಾಗಿ, ಅಂಚಿಗೆ ಬಂದು, ಒಳಗೆ ಬಿತ್ತು. ಅವನು ಬಗ್ಗಿ ಅದನ್ನು ತೆಗೆದ, ಪ್ಯಾಂಟಿಗೆ ಒರೆಸಿದ, ಕಿಸೆಗೆ ಹಾಕಿಕೊಂಡ. ಕೋಲನ್ನು ನನ್ನ ಕೈಗೆ ಕೊಟ್ಟು ಸ್ಕೂಟರಿನ ಕಡೆ ನಡೆದ. ಇನ್ನೊಂದು ಆಟ ಆಡೋಣ ಎಂದು ಯಾರೂ ಕೇಳಲಿಲ್ಲ.

ಈಗಲೂ ಗ್ಯಾರೇಜಿನಲ್ಲಿ ಮಾಮಾನ ನಕಲಿ ಮಾಡು ಎಂದು ಕೇಳುತ್ತಾರೆ. ನಾನು ಕಂಡಿರದ ಆ ಹಳೆಯ ಹೊಡೆತವನ್ನೇ ಮಾಡುತ್ತೇನೆ, ಮೊಳೆ ಹೊಡೆದ ಎಡಗಾಲಿನದು. ಹೇಗಿತ್ತು ಎಂದು ಚಾಚಾನೇ ತಿದ್ದಿ ತಿದ್ದಿ ಕಲಿಸಿದ್ದಾನೆ. ಯಾರೂ ನಗುವುದಿಲ್ಲ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. "ಇನ್ನೊಮ್ಮೆ ಮಾಡು," ಎನ್ನುತ್ತಾನೆ ಚಾಚಾ.

ಐತವಾರ ಸಂಜೆ ಮುಂಡಗೋಡದಿಂದ ಫೋನು ಬರುತ್ತದೆ. ಮೊಣಕಾಲು ಹೇಗಿದೆ ಎಂದರೆ ಗದ್ದೆಯ ಸುದ್ದಿ ಹೇಳುತ್ತಾನೆ. ಆಮೇಲೆ ಕೇಳುತ್ತಾನೆ:

"ಹಳ್ಳ?"

"ದಾಟ್ತು ಮಾಮಾ. ಛಲೋ ದಾಟ್ತು ಇವತ್ತ."

"ಮತ್ತ ಇನ್ನೂ ಗಾಳಿ ಸಪ್ಪಳ ಕೇಳಾಕತ್ತೇತಿ, ಮೈದಾನದಾಗ ಏನ್ ಮಾಡಾಕತ್ತೀಯೋ? ಮನಿಗಿ ನಡಿ."